ಎಡಗಾಲಿಗೆ ನಿಲ್ಲದ ವಿಭೂತಿ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಉಮರ್ಗಾದ ನಮ್ಮ ಕಾಳಿನ ಅಂಗಡಿಗೆ ಬಂದು, ನಮ್ಮದೇ ಚಹಾ ಕುಡಿಯುತ್ತ ದೆವ್ವ, ಪವಾಡ ಎಂದು ಕೊರೆಯುವವರಲ್ಲಿ ತಲೆ ನೆಟ್ಟಗಿದ್ದ ಒಬ್ಬನನ್ನೂ ನಾನು ನೋಡಿಲ್ಲ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ.

ನನ್ನ ತಮ್ಮನ ಮಗಳು ಶ್ರದ್ಧಾಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಸೋಲಾಪುರದಲ್ಲಿ ವರ್ಷಗಟ್ಟಲೆ ಔಷಧ ನಡೆದು ಗುಣವಾಯಿತು. ಮತ್ತೆ ಕೂದಲು ಬಂತು, ಶಾಲೆಗೂ ಹೊರಟಳು. ಅಷ್ಟರಲ್ಲಿ ಬಲಮೊಣಕಾಲು ನೋಯತೊಡಗಿತು. ಊರಿನ ಡಾಕ್ಟರು ಎಕ್ಸ್‌ರೇ ತೆಗೆದು ಏನೂ ಇಲ್ಲ ಎಂದರು. ಶಾಲೆ ತಪ್ಪಿಸುವ ನಾಟಕ ಎಂದರು ನೆಂಟರು. ಅವರಿಗೆ ಬಾಯಿ ಬಿಟ್ಟರೆ ಬೇರೇನೂ ಇಲ್ಲ. ತಮ್ಮನಂತೂ ನರ ಹೊರಳಿದೆ ಎಂದು ತಾನೇ ತೀರ್ಮಾನಿಸಿ, ಮುರುಮ ಎಂಬ ಪಕ್ಕದ ಊರಿನಿಂದ ಎಲುಬು ಕೂಡಿಸುವವನನ್ನು ಕರೆಸಿದ. ಎರಡೂ ಕಾಲು ಜಗ್ಗಿ ತಿರುವಿದರೆ ಸರಿಹೋಗುತ್ತದಂತೆ!

ಅಂದು ಬೆಳಿಗ್ಗೆ ಅವ್ವ ಲಿಂಗಪೂಜೆ ಮುಗಿಸಿ, ಎಂದಿನಂತೆ ಮೊಮ್ಮಗಳ ಹಣೆಗೆ, ತೋಳಿಗೆ, ಮೊಣಕಾಲಿಗೆ ವಿಭೂತಿ ಹಚ್ಚಿದಳು. ಎಡಮೊಣಕಾಲಿನದು ಒಣಗುತ್ತಲೇ ಉದುರಿಬಿತ್ತು. ಮತ್ತೆ ಹಚ್ಚಿದಳು, ಮತ್ತೆ ಉದುರಿತು. ಎಣ್ಣೆಯ ಜಿಡ್ಡಿರಬೇಕೆಂದು ನಾನೇ ಸಾಬೂನು ಹಾಕಿ ತೊಳೆದು, ಒರೆಸಿ ಹಚ್ಚಿದೆ. ನಿಲ್ಲಲಿಲ್ಲ. ಬಲಗಾಲಿನ ಗೆರೆಗಳು ಹಾಗೇ ಇದ್ದವು.

ಅವ್ವ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಈ ಮೊಣಕಾಲ ಯಾರೂ ಮುಟ್ಟಬ್ಯಾಡ್ರಿ. ಇಭೂತಿ ನಿಂದ್ರವಲ್ದು."

"ನೋವಿರೋದು ಬಲಗಾಲಾಗ, ಅವ್ವಾ. ನೀ ಹಿಡಕೊಂಡಿದ್ದು ಎಡಗಾಲ," ಎಂದು ನಕ್ಕೆ.

ಅವಳು ಏಳಲೇ ಇಲ್ಲ. ಎಲುಬು ಕೂಡಿಸುವವನು ಬಂದು, ಕಾದು, ಗೊಣಗುತ್ತ ಹೋದ. ಮುದುಕಿಯ ಹುಚ್ಚು ಬಿಡಿಸಬೇಕೆಂದೇ ನಾನು ಹುಡುಗಿಯನ್ನು ಸೋಲಾಪುರಕ್ಕೆ ಒಯ್ದು ಎರಡೂ ಮೊಣಕಾಲಿನ ಎಂಆರ್‌ಐ ಮಾಡಿಸಿದೆ. ಕ್ಯಾನ್ಸರಿಗೆ ಕೊಟ್ಟ ಸ್ಟಿರಾಯ್ಡಿನಿಂದ ಕೆಲವು ಮಕ್ಕಳ ಎಲುಬಿಗೆ ರಕ್ತ ಹರಿಯದೆ ಅದು ಒಳಗೇ ಸಾಯುತ್ತದೆ, ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದರು ಅಲ್ಲಿನ ಡಾಕ್ಟರು. ಬಲಗಾಲಿನಲ್ಲಿ ಸ್ವಲ್ಪವೇ ಇತ್ತು. ನೋವೇ ಇಲ್ಲದ ಎಡಗಾಲಿನಲ್ಲಿ ಕೀಲಿನ ಎಲುಬು ಕುಸಿಯುವ ಹಂತಕ್ಕೆ ಬಂದಿತ್ತು.

"ಇದನ್ನ ಯಾರರೆ ಜಗ್ಗಿದ್ರ ಪೋರಿ ಮತ್ತ ನೆಟ್ಟಗ ನಡೀತಿದ್ದಿಲ್ರಿ," ಎಂದರು. ಊರಿಗೆ ಮರಳುವಾಗ ನಾನು ಹೆದರಿದ್ದೆ.

ಸೋಲಾಪುರದಲ್ಲೇ ಚಿಕಿತ್ಸೆ ಆಗಿ, ಈಗ ಶ್ರದ್ಧಾ ಊರುಗೋಲು ಬಿಟ್ಟು ನಡೆಯುತ್ತಾಳೆ. ಓದಿದವರು ಬೆವರು, ಚರ್ಮ, ಗಾಳಿ ಎಂದು ನನಗೆ ಪಾಠ ಹೇಳುತ್ತಾರೆ. ಒಂದು ಕಾಲಿಗೆ ಮಾತ್ರ ಬೀಸುವ ಗಾಳಿ ಯಾವುದೋ! ಪವಾಡ ಎಂದು ಕೈಮುಗಿಯಲು ಬರುವವರು ಅವರಿಗಿಂತ ಕಡೆ, ಹೊಸ್ತಿಲಿಂದಲೇ ಅಟ್ಟುತ್ತೇನೆ. ಅದೇನೆಂದು ನನಗೂ ಗೊತ್ತಿಲ್ಲ.

ಮೊನ್ನೆ ಅವ್ವ ವಿಭೂತಿ ಹಿಡಿದು ನನ್ನ ಮುಂದೆ ಕೂತಳು. "ನಿನ್ನ ಮೊಣಕಾಲಿಗೂ ಹಚ್ಚಲೇನೋ?"

ನಾನು ಲುಂಗಿ ಕೆಳಗೆಳೆದುಕೊಂಡೆ.