ಅಧ್ಯಕ್ಷವ್ವನ ಜಿಮ್ಮಾ

ಆಕೆಯ ಸೀರೆಯ ಸೆರಗಿನಲ್ಲಿ, ಎಡಭುಜದ ಮೇಲೆ ಬರುವ ಕಡೆ, ಸಣ್ಣ ಸಣ್ಣ ತೂತುಗಳಿದ್ದವು. ನುಸಿ ತಿಂದದ್ದಲ್ಲ, ಒಲೆಯ ಕಿಡಿ ಬಿದ್ದದ್ದಲ್ಲ. ಗುಂಡುಸೂಜಿ ಚುಚ್ಚಿ ಚುಚ್ಚಿ ಆದವು. ತರಬೇತಿಗೆ ಹೋದಾಗಲೆಲ್ಲ ಬಾಗಿಲಲ್ಲೇ ಯಾರಾದರೂ ಹೆಸರು ಬರೆದ ಬಣ್ಣದ ಕಾಗದ ಹಿಡಿದು ನಿಂತಿರುತ್ತಿದ್ದರು. ಅವರು ಕೇಳುವ ಮೊದಲೇ ಆಕೆ ಭುಜ ಮುಂದೆ ಮಾಡುತ್ತಿದ್ದಳು. ಓದಲು ಬರುತ್ತಿರಲಿಲ್ಲ. ಒಮ್ಮೆ ಬೇರೆ ಯಾರದೋ ಹೆಸರು ಚುಚ್ಚಿಸಿಕೊಂಡು ದಿನವಿಡೀ ಕೂತು ಬಂದು, "ಊಟ ಚಲೋ ಇತ್ತು" ಎಂದಿದ್ದಳು.

ಸಂತೆಕಲ್ಲೂರಿನಲ್ಲಿ ಎಲ್ಲರ ಬಾಯಲ್ಲೂ ಆಕೆ ಅಧ್ಯಕ್ಷವ್ವ. ಎಂಬತ್ತರ ದಶಕದಲ್ಲಿ ಊರಿಗೆ ಮಹಿಳಾ ಮಂಡಲ ಬಂದಾಗ ಅಧ್ಯಕ್ಷೆ ಯಾರಾಗಬೇಕೆಂದು ಕೇಳಿದರೆ ಹೆಂಗಸರೆಲ್ಲ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರಂತೆ. ಕೊನೆಗೆ ಈಕೆಯನ್ನು ಮುಂದೆ ದೂಡಿದರು. ಕುರಿ ಕಾಯುತ್ತಿದ್ದ ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ವಳಕಮದಿನ್ನಿಗೆ ಕೊಟ್ಟಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಬಡಿಗೆ ಹಿಡಿದು ಕೇಳುವವರು ಮನೆಯಲ್ಲಿ ಇರಲಿಲ್ಲ. ನಾಯಕತ್ವದ ಗುಣಗಳ ಬಗ್ಗೆ ಮುಂದೆ ನಾನು ಬೇಕಾದಷ್ಟು ಭಾಷಣ ಕೇಳಿದ್ದೇನೆ. ಈ ಗುಣವನ್ನು ಮಾತ್ರ ಯಾರೂ ಬೋರ್ಡಿನ ಮೇಲೆ ಬರೆಯಲಿಲ್ಲ.

ಆಗ ಲಿಂಗಸುಗೂರು, ಸಿಂಧನೂರು, ಮಸ್ಕಿಗಳಲ್ಲಿ ಸಂಸ್ಥೆಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಬಾಡಿಗೆಯ ಕೋಣೆ, ಮುಂದೊಂದು ಫಲಕ, ಓಡಾಡಲು ಒಂದು ಲೂನಾ ಇದ್ದರೆ ಸಂಸ್ಥೆಯಾಯಿತು. ಸಂಸ್ಥೆಯೆಂದ ಮೇಲೆ ತರಬೇತಿ ಕೊಡಬೇಕು, ತರಬೇತಿಗೆ ಹಳ್ಳಿಯ ಹೆಣ್ಣುಮಕ್ಕಳು ಬೇಕು. ನಮ್ಮೂರಿನಿಂದ ಹೋಗಬಲ್ಲವಳು ಈಕೆ ಒಬ್ಬಳೇ. "ಹಿಂದೆ ಎಲ್ಲಾದರೂ ತರಬೇತಿ ಪಡೆದಿದ್ದೀರಾ?" ಎನ್ನುವುದು ಎಲ್ಲ ಕಡೆ ಮೊದಲ ಪ್ರಶ್ನೆ. ಹೌದು ಎಂದರೆ ಹೊಸಬರನ್ನು ಕಳಿಸಿ ಎನ್ನುತ್ತಿದ್ದರು. ಹೊಸಬರು ಎಲ್ಲಿಂದ ಬರಬೇಕು? ಹಾಗಾಗಿ ಇಲ್ಲ ಎನ್ನುವುದನ್ನು ರೂಢಿ ಮಾಡಿಕೊಂಡಳು. ಪ್ರತಿ ಸಲ ಏನೂ ಅರಿಯದವಳಾಗಿ ಒಳಗೆ ಹೋಗಿ, ಜ್ಞಾನೋದಯವಾದವಳಾಗಿ ಹೊರಗೆ ಬರುತ್ತಿದ್ದಳು. ಮುಕ್ತಾಯ ಸಮಾರಂಭದಲ್ಲಿ ಎದ್ದು ನಿಂತು, "ಮೊದಲು ನಾ ನಾಕ ಮಂದಿ ಮುಂದ ಮಾತಾಡಾಕ ಅಂಜತಿದ್ನಿರಿ" ಎಂದು ಶುರು ಮಾಡಿದರೆ ಸಂಸ್ಥೆಯವರ ಕಣ್ಣಲ್ಲಿ ನೀರು ಬರುತ್ತಿತ್ತು.

ತರಬೇತಿಯ ಆಟಗಳೂ ಎಲ್ಲ ಕಡೆ ಅವೇ. ಕತ್ತರಿಸಿದ ರಟ್ಟಿನ ತುಂಡು ಜೋಡಿಸುವುದು, ಕಣ್ಣು ಕಟ್ಟಿಕೊಂಡು ನಡೆಯುವುದು, ಎಲ್ಲ ಆಕೆಗೆ ಬಾಯಿಪಾಠ. ಆದರೂ ಪಕ್ಕದವಳಿಗೆ ಉತ್ತರ ಹೊಳೆಯುವವರೆಗೆ ಪೆದ್ದಿಯ ಹಾಗೆ ತುಂಡುಗಳನ್ನು ತಿರುವಿ ಹಾಕುತ್ತ ಕೂರುತ್ತಿದ್ದಳು. "ನಾನ ಜಲ್ದಿ ಮಾಡಿದ್ರ ಆಕಿಗೆ ಏನ ಉಳಿತದ?" ಎನ್ನುತ್ತಿದ್ದಳು.

ನಾನು ಆ ಊರಿನ ಸೊಸೆ. ಗೊರೇಬಾಳದ ಕಾಲುವೆ ನೀರಿನಲ್ಲಿ ಆಡಿ ಬೆಳೆದು, ಹತ್ತನೆಯ ತರಗತಿ ಪಾಸಾಗಿ, ಸಂತೆಕಲ್ಲೂರಿನ ಜೋಳದ ಸೀಮೆಗೆ ಬಂದು ಬಿದ್ದವಳು. ದಪ್ಪ ಮಣ್ಣುಗೋಡೆಯ ಮನೆ, ಕಿಟಕಿ ಇಲ್ಲ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ತುಂಡು ಒಲೆಯ ಬಳಿಯಿಂದ ಜೋಳದ ಚೀಲಗಳ ಕಡೆಗೆ ಸರಿಯುವುದನ್ನು ನೋಡುತ್ತ ನನ್ನ ಹೊತ್ತು ಹೋಗುತ್ತಿತ್ತು. ಸೊಸೆ ಊರ ಅಗಸಿ ಬಾಗಿಲು ದಾಟಬಾರದು ಎನ್ನುವುದು ಅತ್ತೆಯ ಕಾನೂನು. ನೀರಿಗೆ ಕೂಡ ಅವರೇ ಹೋಗುತ್ತಿದ್ದರು. ಗಂಡ ಒಳ್ಳೆಯವರು, ಅವ್ವನ ಮಾತು ಮೀರಲಾರದಷ್ಟು ಒಳ್ಳೆಯವರು. ಹೊಡೆಯುವ ಮನೆಯಲ್ಲ, ಉಪವಾಸ ಕೆಡವುವ ಮನೆಯೂ ಅಲ್ಲ, ಹಾಗಾಗಿ ತವರಿನಲ್ಲಿ ಹೇಳಿಕೊಳ್ಳಲು ನನ್ನ ಹತ್ತಿರ ಒಂದು ದೂರೂ ಇರಲಿಲ್ಲ. ಉಸಿರು ಕಟ್ಟುತ್ತಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಅಧ್ಯಕ್ಷವ್ವ ಬಂದು ನಮ್ಮ ಪಡಸಾಲೆಯಲ್ಲಿ ಕೂತಳು. ಮಂಡಲದವರು ಊರಿನಲ್ಲಿ ಒಂದು ಬಾಲವಾಡಿ ನಡೆಸುತ್ತಿದ್ದರು. ಅದಕ್ಕೆ ನೆರವು ಕೊಡುವ ಸಂಸ್ಥೆ, ಇನ್ನು ಮುಂದೆ ತರಬೇತಿಗೆ ಓದು ಬರಹ ಬಲ್ಲ ಒಬ್ಬಳು ಜೊತೆಗೆ ಬರಲೇಬೇಕು, ಇಲ್ಲದಿದ್ದರೆ ನೆರವು ಇಲ್ಲ ಎಂದು ಹೇಳಿ ಕಳಿಸಿತ್ತು.

"ನಿನ್ನ ಸೊಸಿನ್ನ ಕಳಸು," ಎಂದಳು ಅತ್ತೆಗೆ.

"ನನ್ನ ಸೊಸಿನ ಯಾಕಬೇ? ಊರಾಗ ಬ್ಯಾರೆ ಯಾರೂ ಇಲ್ಲೇನು?"

"ಹತ್ತನೇತ್ತ ಓದಿದಾಕಿ ಇಕಿ ಒಬ್ಬಾಕಿನ ಅದಾಳ. ಬಾಲವಾಡಿ ಮುಚ್ಚಿತಂದ್ರ ನಿನ್ನ ಮಗಳ ಮಕ್ಕಳನ್ನ ದಿನಾ ನೀನ ಕಾಯಬೇಕು ನೋಡು."

ಅತ್ತೆಯ ಮಗಳನ್ನು ಅದೇ ಊರಿಗೆ ಕೊಟ್ಟಿತ್ತು, ಅವಳ ಮಕ್ಕಳು ಮಹಾ ತುಂಟರು. ಅತ್ತೆ ಬಹಳ ಹೊತ್ತು ಎಲೆ ಅಡಿಕೆ ಜಗಿದರು. ಒಳಗೆ ನಾನು ಮೊರ ಕೆಳಗಿಟ್ಟು ಕಿವಿಯಾಗಿ ಕೂತಿದ್ದೆ.

"ಯಾರ ಜಿಮ್ಮಾ?" ಎಂದರು ಕೊನೆಗೆ.

"ನಂದು."

"ಸಂಜಿ ಬಸ್ಸಿಗೆ ಮನಿಯಾಗ ಇರಬೇಕು."

"ಇರತಾಳ."

ನಮ್ಮ ಕಡೆ ಜಿಮ್ಮಾ ಎಂದರೆ ಬರೀ ಬಾಯಿಮಾತಲ್ಲ. ಇನ್ನೊಬ್ಬರ ಮನೆಯ ಹೆಣ್ಣುಮಗಳನ್ನು ಜಿಮ್ಮಾ ತೆಗೆದುಕೊಂಡವರು ಅವಳನ್ನು ಅದೇ ಹೊಸ್ತಿಲಿಗೆ ತಂದು ನಿಲ್ಲಿಸಿ ಒಪ್ಪಿಸಬೇಕು. ಅದನ್ನು ಬೇರೆಯವರಿಗೆ ದಾಟಿಸಲು ಬರುವುದಿಲ್ಲ. ಹೆಚ್ಚು ಕಡಿಮೆಯಾದರೆ ಊರಿನಲ್ಲಿ ಮುಖವೆತ್ತಿ ತಿರುಗುವ ಹಾಗಿಲ್ಲ. ಅಧ್ಯಕ್ಷವ್ವ ಅಷ್ಟನ್ನೂ ಒಪ್ಪಿಕೊಂಡು, ಮಂಡಿ ಹಿಡಿದುಕೊಂಡು ಎದ್ದು ಹೋದಳು.

ನನ್ನ ಮೊದಲ ತರಬೇತಿ ಲಿಂಗಸುಗೂರಿನಲ್ಲಿ ನಡೆಯಿತು. ತಗಡಿನ ಹಾಲ್, ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ನಾನು ಕಿಟಕಿಯ ಪಕ್ಕ ಕೂತು ರಸ್ತೆಯ ಕಡೆಗೇ ನೋಡುತ್ತಿದ್ದೆ. ಹೊರಗೆ ಬಂದಿದ್ದೆ ನಿಜ, ಆದರೆ ಸಂಜೆಯ ಬಸ್ಸು ತಪ್ಪಿದರೆ ಇದೇ ಮೊದಲು ಇದೇ ಕೊನೆ ಎನ್ನುವ ಹೆದರಿಕೆ ತಲೆಯಿಂದ ಇಳಿಯಲೊಲ್ಲದು. ತರಬೇತಿ ಕೊಡುವವರು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದರು. ನನ್ನ ಎರಡೂ ಮಣಿಕಟ್ಟಿಗೆ ಒಂದು ಹಗ್ಗದ ಎರಡು ತುದಿ ಕಟ್ಟಿದರು, ಅಧ್ಯಕ್ಷವ್ವನಿಗೆ ಇನ್ನೊಂದು ಹಗ್ಗ. ಎರಡೂ ಹಗ್ಗ ನಡುವೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಗಂಟು ಬಿಚ್ಚದೆ, ಹಗ್ಗ ಹರಿಯದೆ ಬೇರೆಯಾಗಬೇಕಂತೆ. ಸುತ್ತಲಿನವರು ಬಗ್ಗುತ್ತ, ಒಬ್ಬರ ಕೈ ಕೆಳಗೆ ಒಬ್ಬರು ನುಸುಳುತ್ತ, ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಎಷ್ಟು ತಿರುಗಿದರೂ ಮೊದಲಿದ್ದಲ್ಲಿಗೇ ಬರುತ್ತಿದ್ದೆ. ಅಳುವೇ ಬಂದುಬಿಟ್ಟಿತು.

"ನಿಮಗ ಗೊತ್ತದಲ್ರಿ," ಎಂದೆ. "ಬಿಡಸಬಾರದೇನು?"

"ಗೊತ್ತದ. ನಾ ಬಿಡಿಸಿದ್ರ ನಾ ಬಿಡಿಸಿದಂಗ ಆತು. ನೀ ಹುಡುಕು. ಎಲ್ಲಿಗಿ ಹೋಗಬೇಕಾಗ್ಯಾದ ನನಗ? ನಿಂದ್ರತೀನಿ ನಿನ್ನ ಸಂಗಾಟ."

ಉಳಿದವರೆಲ್ಲ ಸೋತು, ತೋರಿಸಿಕೊಂಡು, ಚಹಾಕ್ಕೆ ಹೋದರು. ನಾವಿಬ್ಬರೇ ನಿಂತಿದ್ದೆವು. ಆಕೆ ಅವಸರ ಮಾಡಲಿಲ್ಲ, ಕಣ್ಸನ್ನೆ ಕೂಡ ಮಾಡಲಿಲ್ಲ. ಕೊನೆಗೆ ನನ್ನ ಹಗ್ಗದ ನಡುಭಾಗ ಮಡಚಿ ಆಕೆಯ ಮಣಿಕಟ್ಟಿನ ಕುಣಿಕೆಯೊಳಗೆ ತೂರಿಸಿ, ಬೆರಳುಗಳ ಮೇಲಿಂದ ದಾಟಿಸಿದೆ. ಹಗ್ಗ ಜಾರಿ ಬೇರೆಯಾಯಿತು. ಮದುವೆಯಾದ ಮೇಲೆ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು. ಹೊರಗೆ ಬಂದರೆ ಚಹಾ ಮುಗಿದಿತ್ತು.

ಆಮೇಲೆ ತಿಂಗಳಿಗೊಂದಾದರೂ ತರಬೇತಿ ಇರುತ್ತಿತ್ತು. ಸಭೆ ನಡೆಸುವುದು, ನಿರ್ಣಯ ಬರೆಯುವುದು, ಅಧಿಕಾರಿಯ ಮುಂದೆ ಕೈ ಹೊಸೆಯದೆ ನಿಂತು ಮಾತಾಡುವುದು ಕಲಿತೆ. ಸಂಜೆ ಹೊಸ್ತಿಲಲ್ಲಿ ಆಕೆ, "ತಗೋಬೇ, ನಿನ್ನ ಸೊಸಿ" ಎನ್ನುತ್ತಿದ್ದಳು. ಎರವು ಕೊಟ್ಟ ಪಾತ್ರೆ ತಗ್ಗು ಬಿದ್ದಿದೆಯೇ ಎಂದು ನೋಡುವ ಹಾಗೆ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಬಿಡುತ್ತಿದ್ದರು.

ಹೀಗಿರುವಾಗ ವಳಕಮದಿನ್ನಿಯಲ್ಲಿದ್ದ ಅಧ್ಯಕ್ಷವ್ವನ ಮಗಳಿಗೆ ಹೆರಿಗೆಯಾಯಿತು. ಅಳಿಯ ಭತ್ತದ ಗದ್ದೆಯ ಕೆಸರಿನಲ್ಲಿ, ಮನೆಯಲ್ಲಿ ಬೇರೆ ಹೆಂಗಸರಿಲ್ಲ. "ಅವ್ವಾ, ಇನ್ನ ನಮ್ಮ ಹತ್ತರನ ಬಂದಿರು" ಎಂದು ಮಗಳು ಹೇಳಿ ಕಳಿಸಿದಳು. ಅಧ್ಯಕ್ಷವ್ವ ಟ್ರಂಕು ಒರೆಸಿಟ್ಟು, ಅಧ್ಯಕ್ಷಗಿರಿ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಸಂಭ್ರಮದಿಂದ ನಮ್ಮ ಮನೆಗೆ ಹೇಳಲು ಬಂದಳು.

"ಮಗಳ ಮನಿಗೆ ಹೋಗಾಕ ಯಾರು ಬ್ಯಾಡಂತಾರಬೇ, ಹೋಗು," ಎಂದರು ಅತ್ತೆ. "ನೀ ಹೋದ ಮ್ಯಾಲ ನನ್ನ ಸೊಸಿ ಅಗಸಿ ದಾಟಂಗಿಲ್ಲ. ಅಷ್ಟ."

"ಬ್ಯಾರೆದಾರು ಜಿಮ್ಮಾ ತಗೊಂಡ್ರ?"

"ಬ್ಯಾರೆದಾರ ಮ್ಯಾಲ ನನಗ ಭರೋಸಾ ಇಲ್ಲ."

ಮರುದಿನ ಹಿತ್ತಲ ಗೋಡೆಯಾಚೆ ಆಕೆ ಕುಳ್ಳು ತಟ್ಟುತ್ತಿದ್ದಳು. ನಾನು ಗೋಡೆಯ ಮೇಲಿಂದ, "ನೀವು ಹೋಗ್ರಿ. ನನಗ ಮನಿಯಾಗ ಕುಂದ್ರೋದು ರೂಢಿ ಅದ" ಎಂದೆ.

"ಏನಂದಿ?" ಸರ್ರನೆ ತಿರುಗಿದಳು. "ಇನ್ನೊಮ್ಮೆ ಹಂಗಂದಿ ಅಂದ್ರ ಈ ಸಗಣಿ ಕೈಲೆ ಕಪಾಳಕ್ಕ ಕೊಡತೀನಿ ನೋಡು."

"ಮಗಳು ಒಬ್ಬಾಕಿನ ಅದಾಳಲ್ರಿ."

"ಆಕಿ ಮನಿ ಬಾಗಲಾ ತಗದದ. ಬೇಕಂದ್ರ ಕೂಸಿನ್ನ ಬಗಲಾಗ ಇಟಗೊಂಡು ಇಲ್ಲಿಗಿ ಬರತಾಳ. ನೀ ಎಲ್ಲಿಗಿ ಹೋಗತಿ?"

ಆಕೆಯ ಕಣ್ಣು ಒದ್ದೆಯಾಗಿದ್ದವು. ಮೊಣಕೈಯಿಂದ ಒರೆಸಿಕೊಂಡು ಮತ್ತೆ ಕುಳ್ಳು ತಟ್ಟತೊಡಗಿದಳು.

ನಾನು ಹೊರಗೆ ಬಂದಷ್ಟೂ ಆಕೆ ಒಳಗೆ ಸಿಕ್ಕಿಬಿದ್ದಳು. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಹಬ್ಬಕ್ಕೆ ವಳಕಮದಿನ್ನಿಗೆ ಹೋಗಿ ಮರುದಿನವೇ ಬರುತ್ತಿದ್ದಳು. ಕಟ್ಟೆಯ ಮೇಲಿನ ಗಂಡಸರು, ಮುದುಕಿ ಕುರ್ಚಿ ಬಿಡಲೊಲ್ಲಳು ಎಂದು ಚೇಷ್ಟೆ ಮಾಡಿದರೆ, "ಹೌದೋ ಯಪ್ಪಾ, ಭಾಳ ಮೆತ್ತಗದ" ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ನನಗೆ ಆ ನಗು ಕೇಳಲಾಗುತ್ತಿರಲಿಲ್ಲ. ತರಬೇತಿಗಳಲ್ಲಿ ಅದೇ ಆಟ, ಅದೇ ಹಾಡು, "ಮೊದಲು ನಾ ಅಂಜತಿದ್ನಿರಿ" ಎನ್ನುವ ಅದೇ ಮಾತು. ಬರಬರುತ್ತ ಕೂತಲ್ಲೇ ತೂಕಡಿಸುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಸಿಂಧನೂರಿನಲ್ಲಿ ಒಂದು ಸಭೆ ಕರೆದರು. ಸುತ್ತಲಿನ ಸಣ್ಣ ಸಂಸ್ಥೆಗಳೆಲ್ಲ ಸೇರಿ ಒಂದು ಜಾಲ ಕಟ್ಟಬೇಕು, ಒಬ್ಬರ ಅನುಭವ ಇನ್ನೊಬ್ಬರಿಗೆ ಸಿಗಬೇಕು ಎನ್ನುವುದು ಉದ್ದೇಶ. ಮೊದಲ ಸಂಸ್ಥೆಯವರು ಎದ್ದು, ನಾವು ಅಡುಗೆಮನೆಯಿಂದ ಹೊರಗೆ ತಂದ ಮಹಿಳೆ ಎಂದು ಅಧ್ಯಕ್ಷವ್ವನನ್ನು ಕರೆದರು. ಚಪ್ಪಾಳೆ ಬಿತ್ತು. ಎರಡನೆಯವರು ತಮ್ಮ ಮಹಿಳೆಯನ್ನು ಕರೆದಾಗಲೂ ಈಕೆಯೇ ಎದ್ದಳು. ಮೂರನೆಯವರು ಮೈಕಿನ ಮುಂದೆ ಬಾಯಿ ತೆರೆದವರು ಈಕೆಯ ಕಡೆ ನೋಡಿ, ಕೈಯಲ್ಲಿದ್ದ ಹಾಳೆ ಮಡಚಿ, ಹೋಗಿ ಕೂತುಬಿಟ್ಟರು. ಆಯೋಜಕರು ಬೆವರು ಒರೆಸಿಕೊಂಡರು.

ಅಧ್ಯಕ್ಷವ್ವ ತಾನೇ ಹೋಗಿ ಮೈಕು ಹಿಡಿದಳು. "ಜಾಲ ಹಾಕೀರಿ, ಚಲೋ ಆತು. ಎಲ್ಲಾರೂ ಕೂಡಿ ಹಿಡಿದಿದ್ದು ಒಂದ ಮುದಿ ಮೀನ ಆತಲ್ರಿ! ನನ್ನ ಬಿಟ್ಟು ಇಕಿನ್ನ ನೋಡ್ರಿ. ಓದ್ಯಾಳ, ಬರೀತಾಳ, ನಿಮ್ಮಂಗ ಮಾತಾಡತಾಳ. ಇಕಿಗೆ ಕೆಲಸ ಕೊಡ್ರಿ." ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ನಾನು ನಮ್ಮ ಬಾಲವಾಡಿಯ ಬಗ್ಗೆ ತೊದಲುತ್ತ ಶುರು ಮಾಡಿ, ಮುಗಿಸುವಷ್ಟರಲ್ಲಿ ತೊದಲುವುದನ್ನು ಮರೆತಿದ್ದೆ. ಮಸ್ಕಿಯ ಒಂದು ಸಂಸ್ಥೆಯವರು ಕೆಲಸಕ್ಕೆ ಬಾ ಎಂದರು.

ಕೆಲಸವೆಂದರೆ ದಿನವೂ ಅಗಸಿ ದಾಟಬೇಕು. ಅತ್ತೆ ಹಳೆಯ ಪ್ರಶ್ನೆಯನ್ನೇ ಕೇಳಿದರು, ಅಧ್ಯಕ್ಷವ್ವ ಹಳೆಯ ಉತ್ತರವನ್ನೇ ಕೊಟ್ಟಳು. ದಿನವೂ ನನ್ನ ಜೊತೆ ಬಸ್ಸು ಹತ್ತಿ ಮಸ್ಕಿಗೆ ಬಂದು, ಸಂಸ್ಥೆಯ ಮುಂದಿನ ಬೇವಿನ ಮರದ ಕೆಳಗೆ ಸಂಜೆಯತನಕ ಕೂತು, ನನ್ನನ್ನು ಮನೆಗೆ ಮುಟ್ಟಿಸುತ್ತಿದ್ದಳು. ಕಡೆಗೊಂದು ಮಳೆಗಾಲದ ಮುಂಜಾನೆ ಜ್ವರ ಬಂದು, ಕಂಬಳಿ ಹೊದ್ದು, ಗಡಗಡ ನಡುಗುತ್ತ ನಮ್ಮ ಬಾಗಿಲಿಗೆ ಬಂದು ನಿಂತಳು. ಅತ್ತೆ ಆಕೆಯನ್ನು ನೋಡಿದರು, ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದರು.

"ನೀ ಹೋಗಿ ಮಕ್ಕೋಬೇ. ಆಕಿ ಒಬ್ಬಾಕಿನ ಹೋಗತಾಳ."

ಯಾರ ಜಿಮ್ಮಾ ಎಂದು ಆವತ್ತು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು, ನಾನು ಮಸ್ಕಿಯವರೆಗೆ ಅಳುತ್ತಲೇ ಹೋದೆ.

ಜ್ವರ ಬಿಟ್ಟ ಮೇಲೆ ಅಧ್ಯಕ್ಷವ್ವ ಟ್ರಂಕು ತೆಗೆದುಕೊಂಡು ವಳಕಮದಿನ್ನಿಗೆ ಹೋದಳು. ಅಷ್ಟು ಹೊತ್ತಿಗೆ ಮೊಮ್ಮಕ್ಕಳು ಸಾಲೆಗೆ ಹೋಗುತ್ತಿದ್ದವು, ಎತ್ತಿ ಆಡಿಸುವ ಕಾಲ ಮುಗಿದಿತ್ತು. ಅಲ್ಲಿಯೂ ಯಾವುದೋ ಸಂಸ್ಥೆ ಬಂದು ಸಂಘ ಮಾಡಿತು. ಯಾರನ್ನು ಅಧ್ಯಕ್ಷೆ ಮಾಡಿದರೆಂದು ಬೇರೆ ಹೇಳಬೇಕಿಲ್ಲ.

ಕೆಲವು ವರ್ಷಗಳ ನಂತರ ಆಕೆ ಅಲ್ಲಿಯೇ ತೀರಿಕೊಂಡಳು. ಸಿಂಧನೂರಿನಲ್ಲಿ ಸಂಸ್ಥೆಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದವು. ನಾನು ಹೊರಟಾಗ ಅತ್ತೆ, "ನಾನೂ ಬರತೀನಿ" ಎಂದರು. ಅಂಥ ಸಭೆಗೆ ಅವರು ಬಂದದ್ದು ಅದೊಂದೇ ಸಲ. ಒಬ್ಬೊಬ್ಬರೂ ಎದ್ದು, ನಮ್ಮ ತರಬೇತಿಯಿಂದ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದ ದಿಟ್ಟ ಮಹಿಳೆ ಎಂದು ಮಾತಾಡಿದರು. ನಾಲ್ಕನೆಯವರೋ ಐದನೆಯವರೋ ಹಾಗೆನ್ನುವಾಗ ಅತ್ತೆ ಗೋಡೆ ಹಿಡಿದು ಎದ್ದರು.

"ಆಕಿ ಎಲ್ಲಿ ಹೊರಗ ಬಂದಿದ್ಲು?" ಎಂದರು. "ಮಗಳ ಕಡೆ ಹೋಗತೀನಂದ್ಲು, ನಾ ಬಿಡಲಿಲ್ಲ. ನೀ ಹೋದ್ರ ನನ್ನ ಸೊಸಿನ್ನ ಮನಿಯಾಗ ಕೂಡಿ ಹಾಕತೀನಂದೆ. ಅದಕ್ಕ ಆಕಿ ನಮ್ಮೂರಾಗ ಕುಂತಿದ್ಲು."

ಅತ್ತೆ ಜನರ ನಡುವೆ ದಾರಿ ಮಾಡಿಕೊಂಡು, ಮುಂದೆ ಜಮಖಾನೆಯ ಮೇಲೆ ಕೂತಿದ್ದ ಅಧ್ಯಕ್ಷವ್ವನ ಮಗಳ ಬಳಿ ಹೋದರು. ನಾನೂ ಹಿಂದೆಯೇ ಹೋದೆ.

"ನಿಮ್ಮವ್ವನ್ನ ನಾನ ಹಿಡದ ಇಟಗೊಂಡಿದ್ನಿ ಯವ್ವಾ," ಎಂದರು.

"ಗೊತ್ತದ," ಎಂದಳು ಆಕೆ. "ಅವ್ವ ಹೇಳಿದ್ಲು. ನಾ ರಗಡ ಬೈದಿದ್ನಿ ಆಕಿಗೆ." ಆಮೇಲೆ ನನ್ನ ಕಡೆ ತಿರುಗಿದಳು. "ಆ ಸೊಸಿ ನೀನ ಏನು?"

ಹೌದೆಂದೆ. ಬಹಳ ಹೊತ್ತು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಆಕೆ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು. ಅಲ್ಲಿ ಕೂರುವ ಹಕ್ಕು ನನಗಿತ್ತೇ ಎಂದು ಇವತ್ತಿಗೂ ಗೊತ್ತಿಲ್ಲ. ಕೂತೆ.