ಗಾಫ್ ಮರಕ್ಕೆ ಕಟ್ಟಿದ ಕಟ್ಟೆ

ಅರಬ್ ನಾಡಿನ ಸಹಮ್‌ ಊರಿನ ಸಿಮೆಂಟ್ ಬ್ಲಾಕ್ ಕಾರ್ಖಾನೆಯ ಅಂಗಳದಲ್ಲಿ ಒಂದು ಹಳೇ ಗಾಫ್ ಮರವಿತ್ತು. ಮೂವರು ಕೈ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ. ಎಂಬತ್ತಾರನೇ ಇಸವಿಯಲ್ಲಿ ಮೇಸ್ತ್ರಿಯಾಗಿ ಬಂದಿಳಿದ ಕಾರ್ಕಳದ ಕೊಗ್ಗ, ಅದರ ಎಲೆ, ಮುಳ್ಳು ನೋಡಿದವನೇ ಚಪ್ಪಲಿ ಬಿಟ್ಟು ಕೈಮುಗಿದ. ಇದು ಬನ್ನಿಯೇ, ಸಂಶಯವಿಲ್ಲ. ಮರಳು ಅಂಗಾಲು ಸುಟ್ಟಿತು. ಸುಡಲಿ, ಗುರುತಿನವರು ಒಬ್ಬರಾದರೂ ಸಿಕ್ಕರಲ್ಲ ಎಂದುಕೊಂಡ.

ಮೂರು ವರ್ಷದ ಮೇಲೆ ಮೈಸೂರಿನ ಮ್ಯಾನೇಜರ್ ದೊರೆಸ್ವಾಮಿ ಕರೆದು ಹೇಳಿದರು: "ಟ್ರೈಲರ್ ತಿರುಗೋಕೆ ಜಾಗ ಸಾಲ್ತಿಲ್ಲ ಕಣಯ್ಯ. ಆ ಮರ ತೆಗೆಸಿಬಿಡು."

"ಅದು ಬನ್ನಿ ಮರ ಸರ್. ನಿಮ್ಮ ಮೈಸೂರಲ್ಲಿ ದಸರೆಗೆ ಪೂಜೆ ಮಾಡುದಿಲ್ವಾ? ನನ್ನ ಕೈಯಿಂದ ಆಗ್ಲಿಕ್ಕಿಲ್ಲ."

ಅಷ್ಟಕ್ಕೇ ಬಿಡದೆ ನೇರ ಮಾಲೀಕ ಅಹ್ಮದನ ಮನೆಗೆ ಹೋದ. ಅಹ್ಮದನ ಅಜ್ಜ ಒಂಟೆ ಕಟ್ಟುತ್ತಿದ್ದುದು ಅದೇ ಮರಕ್ಕಂತೆ. "ಖಲಾಸ್, ಮರ ಕಡಿಯುವುದು ಬೇಡ. ಆದರೆ ಇನ್ನು ಅದು ನಿನ್ನ ಜವಾಬ್ದಾರಿ," ಎಂದ ಅಹ್ಮದ್ ಹಿಂದಿಯಲ್ಲಿ.

ಜವಾಬ್ದಾರಿ ಎಂದಮೇಲೆ ಕೊಗ್ಗ ಸುಮ್ಮನಿರುವ ಆಸಾಮಿಯೇ? ಅವನ ಊರಿನಲ್ಲಿ ದೊಡ್ಡ ಮರಕ್ಕೆ ಮರ್ಯಾದೆ ಎಂದರೆ ಕಟ್ಟೆ. ಸರಿ, ಬೊಡ್ಡೆಯ ಸುತ್ತ ಸೊಂಟಮಟ್ಟದ ಸಿಮೆಂಟ್ ಕಟ್ಟೆ ಎದ್ದಿತು. ತೋಟದ ಮಣ್ಣು ತಂದು ಅಂಚಿನವರೆಗೆ ತುಂಬಿಸಿದ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಎರಡು ಬಕೆಟ್ ನೀರು.

ಅಹ್ಮದನ ಮುದಿ ತಂದೆ ಒಮ್ಮೆ ಕೋಲೂರಿಕೊಂಡು ಬಂದು ತಲೆಯಾಡಿಸಿದ. "ಇದು ತನ್ನ ನೀರು ತಾನೇ ಹುಡುಕಿಕೊಳ್ಳುತ್ತದೆ. ಕುತ್ತಿಗೆಯವರೆಗೆ ಯಾಕೆ ಹೂತೆ?" ಕೊಗ್ಗ ನಕ್ಕ. ನಮ್ಮ ಕ್ರಮ ಈ ಅಜ್ಜನಿಗೇನು ಗೊತ್ತು ಎಂದುಕೊಂಡ. ಎಪ್ಪತ್ತು ವರ್ಷ ಆ ಮರದ ಕೆಳಗೇ ಬದುಕಿದವನಿಗೆ ಗೊತ್ತಿಲ್ಲವಂತೆ, ಮೊನ್ನೆ ವಿಮಾನ ಇಳಿದವನಿಗೆ ಎಲ್ಲ ಗೊತ್ತಂತೆ!

ಕಟ್ಟೆ ಎಲ್ಲರಿಗೂ ಇಷ್ಟವಾಯಿತು. ಚಹಾ ಅಲ್ಲೇ, ಹರಟೆ ಅಲ್ಲೇ. ಕೊಗ್ಗ ಅಲ್ಲಿ ಕೂತು ಫೋಟೋ ತೆಗೆಸಿ ಹೆಂಡತಿ ಲೋಲಾಕ್ಷಿಗೆ ಕಳಿಸಿದ. ಕೆಲವು ವರ್ಷದಲ್ಲಿ ಅಹ್ಮದನ ಮುದಿ ತಂದೆ ತೀರಿಕೊಂಡ.

ತೊಂಬತ್ತೈದರಲ್ಲಿ ಮರದ ಒಂದು ಮಗ್ಗುಲು ಬೋಳಾಯಿತು. ಕೊಗ್ಗನಿಗೆ ಊಟ ಸೇರಲಿಲ್ಲ. ಎರಡು ಬಕೆಟ್ ನಾಲ್ಕಾಯಿತು, ಆಡಿನ ಗೊಬ್ಬರ ಬಂತು. ಮರುವರ್ಷ ಮರದಲ್ಲಿ ಹಸಿರೇ ಇರಲಿಲ್ಲ.

ಒಂದು ಶುಕ್ರವಾರ, ರಜೆಯ ದಿನ, ಹಾರೆ ಹಿಡಿದು ಕಟ್ಟೆಯ ಒಂದು ಬದಿ ಒಡೆದ. ಮಣ್ಣು ಸರಿಸಿ ಬೊಡ್ಡೆಗೆ ಕೈಯಿಟ್ಟರೆ ತೊಗಟೆ ನೆನೆದ ರಟ್ಟಿನಂತೆ ಕಿತ್ತು ಬಂತು. ಒಳಗೆಲ್ಲ ಕೊಳೆತ ವಾಸನೆ. ಬರದಲ್ಲಿ, ಬಿಸಿಲಲ್ಲಿ ತಲೆತಲಾಂತರ ನಿಂತ ಮರವನ್ನು ತಾನು ಕೈಯಾರೆ ಕೊಂದೆ ಎಂಬುದು ಅವನಿಗೆ ಅರ್ಥವಾಯಿತು.

ಅಷ್ಟರಲ್ಲಿ ಅಹ್ಮದನ ಪಿಕಪ್ ಗೇಟಿನೊಳಗೆ ಬಂತು. ಕೊಗ್ಗ ಗಡಬಡಿಸಿ ಎದ್ದು, ಕಾಲಿನಿಂದಲೇ ಮಣ್ಣು ದೂಡಿ ಕೊಳೆತ ಜಾಗ ಮುಚ್ಚಿದ.

ಅಹ್ಮದ್ ತಲೆಯೆತ್ತಿ ಒಣಗಿದ ಕೊಂಬೆಗಳನ್ನು ನೋಡಿದ. ಕಣ್ಣೊರೆಸಿಕೊಂಡು ಕೊಗ್ಗನ ಹೆಗಲ ಮೇಲೆ ಕೈಯಿಟ್ಟ.

"ವಯಸ್ಸಾಗಿತ್ತು, ಏನು ಮಾಡುವುದು? ನೀನು ನೋಡಿಕೊಂಡ ಹಾಗೆ ನಮ್ಮ ಮನೆಯವರೂ ನೋಡಿಕೊಳ್ಳಲಿಲ್ಲ, ಭಾಯಿ."

ನಿಜ ಹೇಳಬೇಕೆಂದು ಕೊಗ್ಗ ಬಾಯಿ ತೆರೆದ.

"ಹೌದು, ವಯಸ್ಸಾಗಿತ್ತು," ಎಂದ.