ವಾರ್ಡಿನೊಳಗೆ ಬಿಡದ ಕಂಬಳಿ

ನನ್ನ ಗಂಡ ಚಳಿಗೆ ಹೆದರಿದವರಲ್ಲ. ಭರಮಸಾಗರದ ಸುತ್ತಿನ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸಿ, ಮಾಗಿಯಲ್ಲೂ ಬಯಲಲ್ಲೇ ಕಂಬಳಿ ಹೊದ್ದು ಮಲಗಿದವರು. ಅಂಥವರು ಚಿತ್ರದುರ್ಗದ ಆಸ್ಪತ್ರೆಯಲ್ಲಿ, ಕಿಟಕಿಯಾಚೆ ಉರಿಬಿಸಿಲಿದ್ದಾಗ, ಹಲ್ಲು ಕಟಕಟ ಎನ್ನುವಂತೆ ನಡುಗುತ್ತಿದ್ದರು.

ರಕ್ತದ ಕ್ಯಾನ್ಸರಿಗೆ ಕೊಟ್ಟ ಔಷಧಿ ಅವರ ಮೈಯಲ್ಲಿ ರೋಗ ತಡೆಯುವ ಶಕ್ತಿಯನ್ನೂ ತೆಗೆದುಬಿಟ್ಟಿತ್ತು. ಆ ಹೊತ್ತಿನಲ್ಲೇ ಶ್ವಾಸಕೋಶಕ್ಕೆ ಫಂಗಸ್ ಇಳಿಯಿತು. ಹಾಗಂದರೇನೆಂದು ಕೇಳಿದೆ. ಹಳೆಯ ರೊಟ್ಟಿಯ ಮೇಲೆ ಬರುತ್ತದಲ್ಲಮ್ಮ, ಆ ಬೂಷ್ಟಿನ ಜಾತಿಯದು ಎಂದರು ಡಾಕ್ಟರು. ಗಾಳಿ, ಮಣ್ಣು, ಹುಲ್ಲು ಎಲ್ಲದರಲ್ಲೂ ಇರುತ್ತದಂತೆ. ನಾವೂ ದಿನಾ ಉಸಿರಿನಲ್ಲಿ ಎಳೆದುಕೊಳ್ಳುತ್ತೇವಂತೆ. ನಮಗೆ ಏನೂ ಆಗುವುದಿಲ್ಲ.

ಅದಕ್ಕೆ ಕೊಡುವ ಔಷಧಿ ಡ್ರಿಪ್ಪಿನಲ್ಲಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಚಳಿ ಹಿಡಿಯುತ್ತಿತ್ತು. ಈ ಔಷಧಿಯೇ ಹಾಗೆ ಎಂದು ನರ್ಸಮ್ಮ ಮೊದಲೇ ಹೇಳಿದ್ದರು. ಚಳಿ ತಡೆಯಲು ಇಂಜೆಕ್ಷನ್ ಕೊಟ್ಟರೂ ಪೂರ್ತಿ ನಿಲ್ಲುತ್ತಿರಲಿಲ್ಲ.

"ಲೇ, ಮನೇಲಿಂದ ನನ್ ಕಂಬ್ಳಿ ತರಿಸೇ."

"ಬ್ಯಾಡ ಅಂದಾರೆ. ಅದ್ರಾಗೆ ಧೂಳೈತೆ, ಆ ಬೂಷ್ಟು ಇರ್ತೈತಂತೆ."

"ಹುಟ್ಟಿದಾಗ್ಲಿಂದ ಅದ್ರಾಗೇ ಬಿದ್ಕಂಡಿದೀನಿ. ಇವತ್ತು ಕಚ್ತೈತೇನು ಅದು?"

"ಕಚ್ತೈತೆ. ಸುಮ್ಕೆ ಮಲಗ್ರಿ."

ಆಸ್ಪತ್ರೆಯ ರಗ್ಗುಗಳನ್ನು ಒಂದರ ಮೇಲೊಂದು ಹೊದಿಸಿ ಪಾದ ಉಜ್ಜುತ್ತಿದ್ದೆ. ಅವರು ಕೂದಲಿಲ್ಲದ ತಲೆ ಸವರಿಕೊಂಡು ನಗಲು ನೋಡುತ್ತಿದ್ದರು. "ಉಣ್ಣೆ ಕತ್ತರ್ಸಿದ ಕುರಿ ಆಗೀನಿ ನೋಡು. ಕುರಿನಾದ್ರೂ ಬಿಸ್ಲಿಗೆ ಬಿಡ್ತೀವಿ."

ನೋಡಲು ಬಂದ ನೆಂಟರನ್ನು, ಸೋಂಕು ತಗುಲೀತೆಂದು, ನಾನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಅವರೆಲ್ಲ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು. ಅತ್ತೆ ಮಾತ್ರ ಹೋಗುತ್ತಿರಲಿಲ್ಲ. ವರಾಂಡದ ಬೆಂಚಿನ ಮೇಲೆ ಕೂತು ದಿನವೂ ಕೇಳುತ್ತಿದ್ದರು: "ಕಂಬ್ಳಿ ಅಂದ್ರೆ ನಮ್ಗೆ ದ್ಯಾವ್ರು ಕಣವ್ವ. ದ್ಯಾವ್ರಿಂದ ಕಾಯ್ಲೆ ಬರ್ತೈತೇನು?"

ಕಂಬಳಿ ಹಾಸಿ ಅದರ ಮೇಲೆ ದೇವರನ್ನಿಟ್ಟು ಪೂಜಿಸುವ ಮನೆ ನಮ್ಮದು. ಒಳಗೆ ಮಗನಿಗೂ ಹೊರಗೆ ತಾಯಿಗೂ "ವಾಸಿಯಾಗ್ಲಿ, ಆಮ್ಯಾಲೆ" ಎಂದು ಹೇಳಿ ಹೇಳಿ ನನಗೇ ಸಾಕಾಗಿತ್ತು.

ಒಂದು ಬೆಳಿಗ್ಗೆ ಡಾಕ್ಟರು ಹೊಸ ಸ್ಕ್ಯಾನ್ ನೋಡಿ ಬಂದವರು ಆ ಡ್ರಿಪ್ಪು ತೆಗೆಸಿದರು. ನನ್ನನ್ನು ಪಕ್ಕಕ್ಕೆ ಕರೆದರು.

"ಕಂಬಳಿ ಕೇಳ್ತಿದ್ರಲ್ಲಮ್ಮ, ತರಿಸಿಕೊಡಿ. ಅವರ ತಾಯಿನೂ ಒಳಗೆ ಬಂದು ಕೂತ್ಕೊಳ್ಳಲಿ."

ವಾಸಿಯಾಗಿದ್ದಕ್ಕಲ್ಲ ಎಂದು ಅವರ ದನಿಯಲ್ಲೇ ತಿಳಿಯಿತು. ಹೊರಗೆ ಬಂದು ಅತ್ತೆಗೆ ಕಂಬಳಿಯ ಮಾತಷ್ಟೇ ಹೇಳಿದೆ. ಅವರ ಮುಖ ಅರಳಿತು.

"ಕಂಡ್ಯೇನವ್ವ, ಡಾಕ್ಟ್ರೇ ಒಪ್ಪಿದ್ರು! ಈಗ್ಲೇ ಹೋಗಿ ತರ್ತೀನಿ."

ಸೆರಗು ಸಿಕ್ಕಿಸಿಕೊಂಡು, ಊರ ಬಸ್ಸು ತಪ್ಪೀತೆಂದು ಬಿರಬಿರನೆ ಮೆಟ್ಟಿಲಿಳಿದರು. ನಾನು ಅವರನ್ನು ನಿಲ್ಲಿಸಲಿಲ್ಲ.